ಪ್ರಮಾಣಿಸಿ ನೋಡುವ ಮಕ್ಕಳು



ಕಳೆದ ತಿಂಗಳು ನನ್ನ ತಂಗಿಯ ಮಗಳು ಧಾರವಾಡದಿಂದ ಎರಡು ದಿನಗಳ ಮಟ್ಟಿಗೆ ನಮ್ಮ ಮನೆಗೆ ಬಂದಿದ್ದಳು. ಪತ್ರಿಕೋದ್ಯಮದ ಸ್ನಾತಕೋತ್ತರ ತರಗತಿಯಲ್ಲಿ ಓದುತ್ತಿರುವ ಹುಡುಗಿ. ಕೈಕಾಲು ತೊಳೆದು ಚಹಾ ಕುಡಿಯುವ ಮುನ್ನವೇ, “ಮಾಮಾ, ಅಟ್ಟದ ಮ್ಯಾಲೆ ನಿಮ್ಮ ಹಳೇ ಪೇಪರ್ ಇನ್ನೂ ಅದಾವೇನ್ರಿ?” ಎಂದು ಕೇಳಿದಳು. ನಮ್ಮ ಮನೆಯಾಕೆಗೆ ಇದಕ್ಕಿಂತ ಶುಭವಾರ್ತೆ ಬೇರೊಂದಿರಲಿಲ್ಲ. ಆ ಗಂಟುಗಳನ್ನು ರದ್ದಿಗೆ ಹಾಕಬೇಕೆಂದು ಆಕೆ, ಹಾಕಕೂಡದೆಂದು ನಾನು ಮೂವತ್ತು ವರ್ಷಗಳಿಂದ ವಾದಿಸುತ್ತಾ ಬಂದಿದ್ದೇವೆ. ಆ ವ್ಯಾಜ್ಯ ಒಂದು ದಡ ಕಂಡೀತೆಂಬ ಆಸೆ ಆಕೆಯ ಮುಖದಲ್ಲಿ ಮೂಡಿತು.

ಹುಡುಗಿ ತನ್ನ ಕಿರುಪ್ರಬಂಧಕ್ಕೆ ಆರಿಸಿಕೊಂಡಿರುವ ವಿಷಯ, ಯುದ್ಧದ ಸುದ್ದಿ ನಮ್ಮ ಮನೆಗಳಿಗೆ ಹೇಗೆ ತಲುಪುತ್ತದೆ ಮತ್ತು ತಲುಪಿದ ಮೇಲೆ ಏನಾಗುತ್ತದೆ ಎಂಬುದು. ಹೆಣ್ಣುಮಗಳೊಬ್ಬಳು ಇಂಥ ಕಠೋರವಾದ ವಿಷಯವನ್ನೇಕೆ ಹಿಡಿದಳೆಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ನನ್ನ ಆ ಯೋಚನೆಗೆ ನಾನೇ ನಾಚಿದೆ. ಯುದ್ಧದ ದುಃಖವನ್ನು ಹೆಚ್ಚಾಗಿ ಹೊತ್ತವರು ಹೆಣ್ಣುಮಕ್ಕಳೇ; ಅದರ ವೃತ್ತಾಂತವನ್ನು ಬರೆಯುವ ಅಧಿಕಾರ ಅವರಿಗೆ ಇಲ್ಲದೆ ಮತ್ತಾರಿಗೆ ಇದ್ದೀತು?

ಅವಳು ಕೇಳಿದ್ದು 1990 ಮತ್ತು 1991ರ ಗಂಟು. ಅಂದರೆ ಕೊಲ್ಲಿ ಯುದ್ಧದ ಕಾಲದ್ದು. ಧೂಳು ಕೊಡವಿ ಗಂಟು ಬಿಚ್ಚಿದಾಗ, ಎಷ್ಟೋ ವರ್ಷಗಳಿಂದ ನಾನು ಬಿಚ್ಚದೆ ಇಟ್ಟಿದ್ದ ಇನ್ನೊಂದು ಗಂಟೂ ಬಿಚ್ಚಿಕೊಂಡಿತು. ಅದನ್ನು ಈ ಪುಟದಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿತು. ಅಕ್ಟೋಬರ್ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ, ಅಮೆರಿಕದ ಸಂಸತ್ ಸದಸ್ಯರ ಮಾನವ ಹಕ್ಕುಗಳ ಕೂಟವೊಂದರ ಮುಂದೆ ಹದಿನೈದು ವರ್ಷದ ಕುವೈತಿ ಬಾಲಿಕೆಯೊಬ್ಬಳು ಕಣ್ಣೀರಿಡುತ್ತ ಹೇಳಿಕೆ ಕೊಟ್ಟಳು. ಇರಾಕಿ ಸೈನಿಕರು ಆಸ್ಪತ್ರೆಗೆ ನುಗ್ಗಿ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳನ್ನು ಕಾವು ಕೊಡುವ ಗಾಜಿನ ಪೆಟ್ಟಿಗೆಗಳಿಂದ ಹೊರಗೆ ತೆಗೆದು ತಣ್ಣನೆಯ ನೆಲದ ಮೇಲೆ ಸಾಯಲು ಬಿಟ್ಟರೆಂದೂ ತಾನದನ್ನು ಕಣ್ಣಾರೆ ಕಂಡೆನೆಂದೂ ಅವಳ ಮಾತು. ಬಂಧುಗಳಿಗೆ ಅಪಾಯವಾದೀತೆಂಬ ಕಾರಣ ಹೇಳಿ ಅವಳ ಮೊದಲ ಹೆಸರನ್ನಷ್ಟೇ ಪ್ರಕಟಿಸಲಾಯಿತು. ಆ ಮಾತು ಜಗತ್ತನ್ನೆಲ್ಲ ಸುತ್ತಿತು. ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಅದನ್ನು ಮತ್ತೆ ಮತ್ತೆ ಉದ್ಧರಿಸಿದರು. 1991ರ ಜನವರಿಯಲ್ಲಿ ಯುದ್ಧಕ್ಕೆ ಅನುಮತಿ ನೀಡುವ ನಿರ್ಣಯದ ಮೇಲೆ ಅಲ್ಲಿನ ಸೆನೆಟ್ಟಿನಲ್ಲಿ ಚರ್ಚೆ ನಡೆದಾಗ ಕೆಲವು ಸದಸ್ಯರು ಅದೇ ಶಿಶುಗಳನ್ನು ನೆನೆದರು. ನಿರ್ಣಯ 52–47 ಮತಗಳಿಂದ, ಐದೇ ಮತಗಳ ಅಂತರದಿಂದ, ಅಂಗೀಕಾರವಾಯಿತು.

ಆಗ ನಾನು ತಾಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಇತಿಹಾಸದ ಅಧ್ಯಾಪಕ. ಒಂದು ವಿದ್ಯಾರ್ಥಿ ಶಿಬಿರದಲ್ಲಿ ಯುದ್ಧ ಮತ್ತು ಮಾನವೀಯತೆಯ ವಿಷಯವಾಗಿ ಮಾತನಾಡುತ್ತ, ನಾನೇ ಆ ಆಸ್ಪತ್ರೆಯಲ್ಲಿ ನಿಂತಿದ್ದೆನೋ ಎಂಬಂತೆ ಆ ಶಿಶುಗಳ ಕಥೆಯನ್ನು ವರ್ಣಿಸಿದೆ. ಮುಂದೆ ಕುಳಿತಿದ್ದ ವಿದ್ಯಾರ್ಥಿನಿಯರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾತು ಮುಗಿದ ಮೇಲೆ ಪ್ರಾಚಾರ್ಯರು ನನ್ನ ಕೈ ಕುಲುಕಿದರು. ಒಳ್ಳೆಯ ಭಾಷಣ ಮಾಡಿದೆನೆಂಬ ಹೆಮ್ಮೆಯಲ್ಲಿ ಮನೆಗೆ ಬಂದೆ.

1992ರ ಜನವರಿಯಲ್ಲಿ ನಿಜಾಂಶ ಹೊರಬಿತ್ತು. ಆ ಬಾಲಿಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು. ಆಕೆಯ ಹೇಳಿಕೆಯ ಸಿದ್ಧತೆಯ ಹಿಂದೆ ಇದ್ದದ್ದು ಹಿಲ್ ಅಂಡ್ ನೋಲ್ಟನ್ ಎಂಬ ಪ್ರಚಾರ ಸಂಸ್ಥೆ. ಯುದ್ಧ ಮುಗಿದ ಮೇಲೆ ಕುವೈತಿನ ಆಸ್ಪತ್ರೆಗಳಲ್ಲಿ ವಿಚಾರಿಸಿದವರಿಗೆ ಆ ಕಥೆಗೆ ಆಧಾರ ದೊರೆಯಲಿಲ್ಲ. ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಎಂಬ ಮಾನವ ಹಕ್ಕುಗಳ ಪ್ರಸಿದ್ಧ ಸಂಸ್ಥೆ ಕೂಡ 1990ರ ಡಿಸೆಂಬರಿನ ತನ್ನ ವರದಿಯಲ್ಲಿ ಇಂತಹ 312 ಶಿಶುಗಳ ಸಾವಿನ ಮಾತನ್ನು ಸೇರಿಸಿತ್ತು; 1991ರಲ್ಲಿ ತಾನೇ ಅದನ್ನು ಹಿಂದಕ್ಕೆ ಪಡೆಯಿತು. ಇರಾಕಿ ಸೈನ್ಯ ಕುವೈತಿನಲ್ಲಿ ಕ್ರೌರ್ಯ ನಡೆಸಲಿಲ್ಲವೆಂದು ಇದರ ಅರ್ಥವಲ್ಲ. ಕೊಲೆ, ಚಿತ್ರಹಿಂಸೆ, ಲೂಟಿ ಎಲ್ಲವೂ ನಡೆದಿದ್ದವು. ಆದರೆ ಈ ಕಥೆಗೆ ಮಾತ್ರ ಬುಡವಿರಲಿಲ್ಲ.

ನಾನು ಆ ಸುದ್ದಿಯನ್ನು ಓದಿದೆ, ಪತ್ರಿಕೆಯನ್ನು ಮಡಿಸಿಟ್ಟೆ. ಶಿಬಿರದ ವಿದ್ಯಾರ್ಥಿಗಳಿಗೆ “ನಾನು ಹೇಳಿದ್ದು ತಪ್ಪಾಗಿತ್ತು” ಎಂದು ಹೇಳಲಿಲ್ಲ. ಅವರು ಬೇರೆ ಬೇರೆ ಕಡೆಗೆ ಚದುರಿಹೋಗಿದ್ದರೆಂಬುದು ನೆಪ. ಆಮ್ನೆಸ್ಟಿಯವರು ತಮ್ಮ ತಪ್ಪನ್ನು ಲೋಕದ ಮುಂದೆ ಒಪ್ಪಿಕೊಂಡರು. ತಾಲೂಕಿನ ಅಧ್ಯಾಪಕನೊಬ್ಬನಿಗೆ ಅಷ್ಟು ಧೈರ್ಯ ಬರಲಿಲ್ಲ.

ಇದನ್ನೆಲ್ಲ ಕೇಳುತ್ತಿದ್ದ ಸೊಸೆ (ನಮ್ಮ ಕಡೆ ತಂಗಿಯ ಮಗಳೂ ಸೊಸೆಯೇ) ಗಂಟಿನಿಂದ ಇನ್ನೊಂದು ಪತ್ರಿಕೆಯನ್ನು ಎಳೆದು ನನ್ನ ಮುಂದಿಟ್ಟಳು. 1991ರ ಫೆಬ್ರವರಿ ಮಧ್ಯಭಾಗದ್ದು. ಫೆಬ್ರವರಿ 13ರ ನಸುಕಿನಲ್ಲಿ ಬಾಗ್ದಾದಿನ ಅಮೀರಿಯಾ ಬಡಾವಣೆಯ ಆಶ್ರಯ ಕಟ್ಟಡದ ಮೇಲೆ ಅಮೆರಿಕದ ವಿಮಾನಗಳು ಎರಡು ಬಾಂಬುಗಳನ್ನು ಹಾಕಿದವು. ಒಳಗೆ ಮಲಗಿದ್ದ ನಾನೂರಕ್ಕೂ ಹೆಚ್ಚು ನಾಗರಿಕರು ಸುಟ್ಟು ಸತ್ತರು. ಅವರಲ್ಲಿ ಬಹುಪಾಲು ಹೆಂಗಸರು, ಮಕ್ಕಳು. ಅದು ಸೈನಿಕ ಆಜ್ಞಾಕೇಂದ್ರವೆಂದು ಅಮೆರಿಕದ ಅಧಿಕಾರಿಗಳು ಹೇಳಿದರು. ಹೆಣಗಳನ್ನು ತೋರಿಸಿದ ದೂರದರ್ಶನದ ವರದಿಗಾರರನ್ನೇ ಸದ್ದಾಮನ ಪ್ರಚಾರಕ್ಕೆ ಸಿಕ್ಕಿಬಿದ್ದವರೆಂದು ಹಳಿದವರಿದ್ದರು.

“ನೋಡ್ರಿ ಮಾಮಾ, ಎರಡೂ ಒಂದೇ ಯುದ್ಧದ್ದು. ಸಾಯದಿದ್ದ ಮಕ್ಕಳಿಗೆ ಜಗತ್ತೆಲ್ಲ ಅತ್ತಿತು. ಸತ್ತ ಮಕ್ಕಳನ್ನ ನಂಬಲಿಲ್ಲ” ಎಂದಳು ಹುಡುಗಿ.

ಸುಳ್ಳು ಸುದ್ದಿಯ ಕೇಡೆಂದರೆ ಜನ ಸುಳ್ಳನ್ನು ನಂಬುವುದಷ್ಟೇ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಅದರ ಇನ್ನೊಂದು ಕೇಡು ಇದಕ್ಕಿಂತ ಹಿರಿದು. ಒಮ್ಮೆ ಮೋಸಹೋದವನು ಮುಂದೆ ನಿಜವಾದ ಹೆಣವನ್ನು ಕಂಡಾಗಲೂ “ಇದೂ ಹಾಗೆಯೇ ಇರಬೇಕು” ಎನ್ನುತ್ತಾನೆ. ನಿಜವಾಗಿ ಸತ್ತವರಿಗೆ ಸಲ್ಲಬೇಕಾದ ನಂಬಿಕೆಯನ್ನು ಸುಳ್ಳು ಮೊದಲೇ ತಿಂದುಹಾಕಿರುತ್ತದೆ.

ಹಾಗಾದರೆ ನಂಬುವುದು ಹೇಗೆ? ಇದಕ್ಕೆ ಉತ್ತರವಾಗಿ ಹುಡುಗಿ ಹೇಳಿದ ಸಂಗತಿಯೇ ಈ ಬರಹಕ್ಕೆ ಪ್ರೇರಣೆ. 1990ರಲ್ಲಿ ಎಡವಿದ ಅದೇ ಆಮ್ನೆಸ್ಟಿ ಸಂಸ್ಥೆ 2016ರಲ್ಲಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳ ಒಂದು ಪಡೆಯನ್ನು ಕಟ್ಟಿತು. ಕೈಯಲ್ಲಿ ಕೋವಿ ಇಲ್ಲದ ಪಡೆ. ಅಮೆರಿಕದ ಬರ್ಕ್ಲಿ, ಇಂಗ್ಲೆಂಡಿನ ಎಸೆಕ್ಸ್, ದಕ್ಷಿಣ ಆಫ್ರಿಕದ ಪ್ರಿಟೋರಿಯಾ ಮೊದಲಾದ ಕಡೆ ಕಾನೂನು, ಪತ್ರಿಕೋದ್ಯಮ, ಗಣಕ ವಿಜ್ಞಾನ ಮುಂತಾದವನ್ನು ಓದುವ ಹುಡುಗ ಹುಡುಗಿಯರು ಅದರಲ್ಲಿದ್ದಾರೆ. ಯುದ್ಧಭೂಮಿಯ ಜನ ಮೊಬೈಲಿನಲ್ಲಿ ಹಿಡಿದು ಹರಿಯಬಿಟ್ಟ ಚಿತ್ರಗಳು, ವಿಡಿಯೋಗಳು ನಿಜವೋ ಅಲ್ಲವೋ, ಎಲ್ಲಿಯವು, ಯಾವ ದಿನದವು ಎಂದು ಕಂಡುಹಿಡಿಯುವುದು ಅವರ ಕೆಲಸ.

ಆ ಕೆಲಸದ ರೀತಿಯನ್ನು ಕೇಳಿದಾಗ ನನಗೆ ನಮ್ಮ ಶಾಸನತಜ್ಞರ ನೆನಪಾಯಿತು. ತಾಮ್ರಪಟವೊಂದು ಸಿಕ್ಕಿತೆಂದರೆ ಅದನ್ನು ನೇರವಾಗಿ ನಂಬುವ ಕ್ರಮ ನಮ್ಮಲ್ಲಿಲ್ಲ. ಲಿಪಿ ಆ ಕಾಲದ್ದೇ? ಹೇಳಿರುವ ತಿಥಿಗೆ ಹೇಳಿರುವ ವಾರ ಕೂಡಿಬರುತ್ತದೆಯೇ? ಅಂದು ಗ್ರಹಣವಿತ್ತೇ? ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳನ್ನು ಹರಡಿಕೊಂಡು ಲೆಕ್ಕ ಹಾಕಿ, ಕೂಡಿಬಾರದಿದ್ದರೆ ಕೂಟಶಾಸನವೆಂದು ಬದಿಗಿಡುತ್ತಾರೆ. ಫ್ಲೀಟ್ ಸಾಹೇಬರು ಗಂಗರ ಎಷ್ಟೋ ತಾಮ್ರಪಟಗಳನ್ನು ಹೀಗೆ ಕೂಟವೆಂದು ಸಾರಿ ದೊಡ್ಡ ವಾದವನ್ನೇ ಎಬ್ಬಿಸಿದ್ದರು.

ಈ ವಿದ್ಯಾರ್ಥಿಗಳು ಮಾಡುವುದೂ ಅದನ್ನೇ. ಬಾಂಬು ಬಿದ್ದ ಬೀದಿಯ ವಿಡಿಯೋ ಒಂದು ಬಂದಿತೆನ್ನಿ. ಅದು ಹಿಂದೆಂದಾದರೂ ಬೇರೆ ಊರಿನ ಹೆಸರಿನಲ್ಲಿ ಪ್ರಕಟವಾಗಿತ್ತೇ ಎಂದು ಮೊದಲು ಹುಡುಕುತ್ತಾರೆ. ಬಹಳಷ್ಟು ಸುಳ್ಳುಗಳು ಈ ಹೊಸ್ತಿಲಲ್ಲೇ ಬೀಳುತ್ತವೆ. ದಾಟಿ ಬಂದರೆ ಚಿತ್ರವನ್ನು ನಿಲ್ಲಿಸಿ, ಹಿನ್ನೆಲೆಯಲ್ಲಿ ಕಾಣುವ ಮಸೀದಿಯ ಮಿನಾರು, ನೀರಿನ ತೊಟ್ಟಿ, ಅಂಗಡಿಯ ಫಲಕ, ಬೀದಿಯ ತಿರುವು, ಬೆಟ್ಟದ ಸಾಲು ಇವನ್ನೆಲ್ಲ ಗುರುತು ಹಾಕಿಕೊಳ್ಳುತ್ತಾರೆ. ಉಪಗ್ರಹದಿಂದ ತೆಗೆದ ಚಿತ್ರದಲ್ಲಿ ಅವೆಲ್ಲವೂ ಅದೇ ಅಂತರದಲ್ಲಿ, ಅದೇ ಕೋನದಲ್ಲಿ ಸಿಗುವ ಜಾಗವನ್ನು ಅರಸುತ್ತಾರೆ. ಕಂಬದ ನೆರಳು ಯಾವ ದಿಕ್ಕಿಗೆ, ಎಷ್ಟು ಉದ್ದ ಬಿದ್ದಿದೆಯೆಂದು ಅಳೆದು ಹೊತ್ತನ್ನು ಅಂದಾಜು ಮಾಡುತ್ತಾರೆ. ಹವಾಮಾನದ ದಾಖಲೆಯನ್ನು ತೆಗೆದು, ಅಂದು ಆ ಊರಿನಲ್ಲಿ ಮೋಡವಿತ್ತೇ, ಬಿಸಿಲಿತ್ತೇ ಎಂದು ನೋಡುತ್ತಾರೆ. ಒಬ್ಬರು ಕಂಡದ್ದನ್ನು ಇನ್ನೊಬ್ಬರು ಬೇರೆಯಾಗಿ ಪರೀಕ್ಷಿಸುತ್ತಾರೆ. ಒಂದು ನಿಮಿಷದ ವಿಡಿಯೋಗೆ ಕೆಲವು ಗಂಟೆಗಳು, ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಇಷ್ಟಾದರೂ “ಖಚಿತವಾಗಿ ಹೇಳಲಾಗದು” ಎಂದು ಬರೆದು ಮುಚ್ಚಬೇಕಾದ ಕಡತಗಳು ಇರುತ್ತವೆ. ಹಾಗೆ ಬರೆಯುವುದಕ್ಕೂ ಅವರಿಗೆ ತರಬೇತಿ ಇದೆಯೆಂದು ಕೇಳಿ ನನಗೆ ಗೌರವ ಮೂಡಿತು.

ಇದರ ಫಲವೇನೆಂಬುದಕ್ಕೆ ಸಿರಿಯಾದ ರಕ್ಕಾ ಪಟ್ಟಣವೇ ಸಾಕ್ಷಿ. ಐಸಿಸ್ ಉಗ್ರರ ಹಿಡಿತದಲ್ಲಿದ್ದ ಆ ಪಟ್ಟಣವನ್ನು ಬಿಡಿಸಿಕೊಳ್ಳಲು 2017ರ ಜೂನ್‌ನಿಂದ ಅಕ್ಟೋಬರ್‌ವರೆಗೆ ಅಮೆರಿಕ ನೇತೃತ್ವದ ಮಿತ್ರಪಡೆ ವಿಮಾನಗಳಿಂದಲೂ ಫಿರಂಗಿಗಳಿಂದಲೂ ದಾಳಿ ನಡೆಸಿತು. ಉಗ್ರರು ನಾಗರಿಕರನ್ನು ಹೊರಹೋಗಲು ಬಿಡದೆ ಗುರಾಣಿಯಾಗಿ ಹಿಡಿದುಕೊಂಡಿದ್ದರು. ಇತಿಹಾಸದಲ್ಲೇ ಇಷ್ಟು ನಿಖರವಾದ ವಾಯುದಾಳಿ ನಡೆದಿಲ್ಲವೆಂಬಂತೆ ಮಿತ್ರಪಡೆಯ ಸೇನಾನಿ ಹೇಳಿಕೊಂಡರು. ಆಮ್ನೆಸ್ಟಿ ಮತ್ತು ಏರ್‌ವಾರ್ಸ್ ಎಂಬ ಎರಡು ಸಂಸ್ಥೆಗಳು ಸೇರಿ ಲೆಕ್ಕಕ್ಕೆ ಕುಳಿತವು. ಸಂಶೋಧಕರು ಪಟ್ಟಣದ ಇನ್ನೂರಕ್ಕೂ ಹೆಚ್ಚು ದಾಳಿಯ ಸ್ಥಳಗಳಿಗೆ ಹೋಗಿ ನಾನೂರಕ್ಕೂ ಹೆಚ್ಚು ಜನರ ಸಾಕ್ಷ್ಯ ಪಡೆದರು. 124 ದೇಶಗಳ ಮೂರು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಮನೆಯಲ್ಲೇ ಕುಳಿತು, ಉಪಗ್ರಹ ಚಿತ್ರಗಳ ಇಪ್ಪತ್ತು ಲಕ್ಷಕ್ಕೂ ಹೆಚ್ಚು ತುಣುಕುಗಳನ್ನು ನೋಡಿ, ಯಾವ ಕಟ್ಟಡ ಯಾವ ಅವಧಿಯಲ್ಲಿ ಕುಸಿಯಿತೆಂದು ಗುರುತಿಸಿದರು. ಆರು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ವಿಡಿಯೋಗಳನ್ನು ಪ್ರಮಾಣಿಸಿದರು. 2019ರ ಏಪ್ರಿಲ್‌ನಲ್ಲಿ ಫಲಿತಾಂಶ ಹೊರಬಂದಿತು: ಮಿತ್ರಪಡೆಯ ದಾಳಿಯಿಂದ ಸತ್ತ ನಾಗರಿಕರು 1,600ಕ್ಕೂ ಹೆಚ್ಚು. ಅಷ್ಟರವರೆಗೆ ಮಿತ್ರಪಡೆ ಒಪ್ಪಿಕೊಂಡಿದ್ದ ಸಂಖ್ಯೆ 159. ಹತ್ತರಲ್ಲಿ ಒಂದು ಪಾಲು!

ಉಳಿದ ಒಂಬತ್ತು ಪಾಲು ಜನ ಅಲ್ಲಿಯತನಕ ಎಲ್ಲಿದ್ದರು? ಅವರ ತಾಯಂದಿರ ನೆನಪಿನಲ್ಲಿದ್ದರು. ಲೋಕದ ಲೆಕ್ಕದಲ್ಲಿ ಇರಲಿಲ್ಲ.

ಲೆಕ್ಕದ ಮಾತು ಬಂದಿತೆಂದು ಒಂದು ಸಂಗತಿ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯ ಜಗತ್ತಿನ ಸಶಸ್ತ್ರ ಸಂಘರ್ಷಗಳ ಪಟ್ಟಿಯನ್ನು ಇಡುತ್ತದೆ. ಅವರ ನಿಯಮದಂತೆ ವರ್ಷವೊಂದರಲ್ಲಿ ಕಾಳಗದಿಂದ ಕನಿಷ್ಠ 25 ಸಾವು ಸಂಭವಿಸಿದರೆ ಅದು ಸಶಸ್ತ್ರ ಸಂಘರ್ಷ, ಸಾವಿರ ಮುಟ್ಟಿದರೆ ಯುದ್ಧ. ಗುಂಡು ತಾಗಿ ಸತ್ತವನು ಈ ಲೆಕ್ಕಕ್ಕೆ ಬರುತ್ತಾನೆ. ಆಸ್ಪತ್ರೆ ಮುರಿದುಬಿದ್ದು ಔಷಧ ಸಿಗದೆ ಸತ್ತ ಬಾಣಂತಿ ಬರುವುದಿಲ್ಲ. ಇರಾಕಿನಲ್ಲಿ 2003ರಿಂದ 2006ರ ನಡುವಣ ಸಾವುಗಳನ್ನು ಪತ್ರಿಕಾ ವರದಿಗಳಿಂದ ಎಣಿಸಿದವರಿಗೆ ದೊರೆತದ್ದು 50 ಸಾವಿರದೊಳಗಿನ ಸಂಖ್ಯೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಇರಾಕ್ ಸರ್ಕಾರ ಮನೆಮನೆಗೆ ಹೋಗಿ ವಿಚಾರಿಸಿ ಅಂದಾಜು ಮಾಡಿದಾಗ 1,51,000. ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆ ಆರೂವರೆ ಲಕ್ಷವೆಂದಿತು. ಅದರ ಕ್ರಮದ ಬಗ್ಗೆ ವಿದ್ವಾಂಸರಲ್ಲಿ ತೀವ್ರ ವಾದಗಳಾದವು. ವರದಿಗಾರ ಹೋಗಲಾರದ ಹಳ್ಳಿಯ ಸಾವು ಪತ್ರಿಕೆಯಲ್ಲಿಲ್ಲ, ಪತ್ರಿಕೆಯಲ್ಲಿಲ್ಲದ್ದು ಎಣಿಕೆಯಲ್ಲಿಲ್ಲ. ಆದ್ದರಿಂದ ಯುದ್ಧದಲ್ಲಿ ಸತ್ತವರ ಸಂಖ್ಯೆಯನ್ನು ಓದುವಾಗ, ಎಣಿಸಿದವರಾರು, ಯಾವುದನ್ನು ಎಣಿಸಿದರು ಎಂದು ಕೇಳದೆ ಮುಂದೆ ಹೋಗಬಾರದು.

ಇಷ್ಟೊಂದು ಸಾವನ್ನು ದಿನವೂ ನೋಡುವ ಎಳೆಯ ಮನಸ್ಸುಗಳ ಗತಿಯೇನು? ಇದನ್ನು ಕೇಳಿದ್ದು ನಾನಲ್ಲ, ಬಾಗಿಲ ಬಳಿ ಅಕ್ಕಿ ಆರಿಸುತ್ತ ಕುಳಿತಿದ್ದ ನಮ್ಮ ಮನೆಯಾಕೆ. ಯುದ್ಧಕ್ಕೆ ಹೋಗದೆಯೂ ಯುದ್ಧದ ಗಾಯ ಆಗುತ್ತದೆಂಬುದು ಈಗ ತಜ್ಞರೂ ಒಪ್ಪಿರುವ ಮಾತು. ನಿದ್ರೆ ಬಾರದಿರುವುದು, ದುಃಸ್ವಪ್ನ, ಕಾರಣವಿಲ್ಲದ ಸಿಡುಕು ಇವು ಅದರ ಲಕ್ಷಣಗಳು. ಅದಕ್ಕಾಗಿ ಈ ವಿದ್ಯಾರ್ಥಿಗಳಿಗೆ ಕೆಲವು ಕಟ್ಟಳೆಗಳನ್ನು ಕಲಿಸುತ್ತಾರೆ. ಧ್ವನಿಯನ್ನು ಮುಚ್ಚಿ ನೋಡಬೇಕು, ಏಕೆಂದರೆ ಕಣ್ಣಿಗಿಂತ ಕಿವಿಯ ಮೂಲಕ ಬಂದ ಆರ್ತನಾದ ಹೆಚ್ಚು ಕಾಲ ಕಾಡುತ್ತದೆ. ಚಿತ್ರವನ್ನು ಚಿಕ್ಕದು ಮಾಡಿಕೊಂಡು ನೋಡಬೇಕು. ರಾತ್ರಿ ಮಲಗುವ ಮುನ್ನ, ಒಬ್ಬರೇ ಕುಳಿತು ನೋಡಕೂಡದು. ಸಹಪಾಠಿಗೆ ಕಳಿಸುವಾಗ ಒಳಗೇನಿದೆ ಎಂಬ ಎಚ್ಚರಿಕೆಯ ಮಾತನ್ನು ಮೊದಲು ಬರೆಯಬೇಕು.

ನಮ್ಮ ಮನೆಯಾಕೆ ಅಕ್ಕಿಯ ಮೊರವನ್ನು ಕೆಳಗಿಟ್ಟು, “ಕಲಿತವರಿಗೇ ಇಷ್ಟು ಕಟ್ಟಳೆ. ನಾವು ಊಟದ ಹೊತ್ತಿಗೆ ಟೀವಿ ಹಚ್ಚಿ, ಮಕ್ಕಳ ಮುಂದ ಎಲ್ಲಾ ನೋಡ್ತೀವಿ” ಎಂದಳು. ಆಕೆಯ ಮಾತಿಗೆ ನಾನು ಸೇರಿಸುವುದೇನೂ ಇಲ್ಲ.

ಯುದ್ಧ ಸಿರಿಯಾ, ಇರಾಕುಗಳದಷ್ಟೇ ಅಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದವರಲ್ಲಿ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬನಿದ್ದ. ಪಾರ್ಥಿವ ಶರೀರ ತಾಯ್ನಾಡಿಗೆ ಬಂದದ್ದು ಮಾರ್ಚ್ 21ರಂದು. ಆ ಇಪ್ಪತ್ತು ದಿನ ಆ ಮನೆಯವರು ಹೇಗಿದ್ದರೆಂದು ಊಹಿಸಲೂ ನನಗೆ ಶಕ್ತಿಯಿಲ್ಲ. ಅದೇ ವಾರಗಳಲ್ಲಿ ಕೀವ್ ನಗರದ ಮೇಲೆ ಒಬ್ಬನೇ ವೀರ ವೈಮಾನಿಕ ಶತ್ರುವಿಮಾನಗಳನ್ನು ಉರುಳಿಸುತ್ತಿದ್ದಾನೆಂಬ ವಿಡಿಯೋವನ್ನು ಜಗತ್ತು ಚಪ್ಪರಿಸಿ ನೋಡಿತು. ಅದು ಗಣಕಯಂತ್ರದ ಆಟವೊಂದರಿಂದ ತೆಗೆದದ್ದು. ಅಂಥ ವೈಮಾನಿಕನೇ ಇಲ್ಲ, ಅದೊಂದು ದಂತಕಥೆ ಎಂದು ಉಕ್ರೇನಿನ ವಾಯುಸೇನೆ ಏಪ್ರಿಲ್ ಕೊನೆಗೆ ಒಪ್ಪಿಕೊಂಡಿತು.

ಇನ್ನು 2025ರ ಮೇ ತಿಂಗಳು. ಆ ರಾತ್ರಿಗಳು ಯಾರಿಗೆ ಮರೆತಿವೆ? ಮೇ 8ರ ರಾತ್ರಿ ಕೆಲವು ವಾಹಿನಿಗಳು ಕರಾಚಿ ಬಂದರೇ ನಾಶವಾಯಿತೆಂದು ಸಾರಿದವು. ಅದು ನಿಜವಾಗಿರಲಿಲ್ಲ. ನಮ್ಮ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಿಮಾನ ಉರುಳುವ ವಿಡಿಯೋ ಒಂದು ಬಂದಾಗ ನಾನು ಕನ್ನಡಕ ಹಾಕಿಕೊಂಡು ಎದೆ ನಡುಗಿಸಿಕೊಂಡು ನೋಡುತ್ತಿದ್ದೆ. ಹನ್ನೆರಡು ವರ್ಷದ ಮೊಮ್ಮಗ ಹೆಗಲ ಮೇಲಿಂದ ಇಣುಕಿ, “ಅಜ್ಜಾ, ಇದು ಯುದ್ಧ ಅಲ್ಲ, ಆಟ” ಎಂದು ನಕ್ಕು ಹೋದ. ಅಂಥ ಆಟದ ತುಣುಕುಗಳು ಯುದ್ಧದ ದೃಶ್ಯಗಳೆಂದು ಹರಿದಾಡುತ್ತಿವೆಯೆಂದು ಸರ್ಕಾರದ ವಾರ್ತಾ ಶಾಖೆಯೇ ಎಚ್ಚರಿಸಬೇಕಾಯಿತು.

ಅದಕ್ಕೆ ನಾವು ನಗಬಹುದು. ನಗಲಾಗದ ಇನ್ನೊಂದು ಸಂಗತಿ ಜಮ್ಮುವಿನ ಪೂಂಚ್‌ನದು. ಮೇ 7ರಂದು ಪಾಕಿಸ್ತಾನದ ಶೆಲ್ ದಾಳಿಗೆ ಅಲ್ಲಿ ಹತ್ತಕ್ಕೂ ಹೆಚ್ಚು ನಾಗರಿಕರು ಸತ್ತರು. ಸಿಖ್ಖರು, ಮುಸ್ಲಿಮರು, ಹಿಂದೂಗಳು, ಮಕ್ಕಳು. ಸತ್ತವರಲ್ಲಿ ಮದರಸಾ ಒಂದರ ಶಿಕ್ಷಕರೂ ಒಬ್ಬರು. ಶತ್ರುವಿನ ಶೆಲ್ಲಿಗೆ ಪ್ರಾಣಬಿಟ್ಟ ಈ ದೇಶದ ಪ್ರಜೆಯನ್ನು ಕೆಲವು ವಾಹಿನಿಗಳು ಭಾವಚಿತ್ರಸಹಿತ ಭಯೋತ್ಪಾದಕನೆಂದು ಬಿತ್ತರಿಸಿದವು. ಅದು ಸುಳ್ಳೆಂದು ಪೂಂಚ್ ಪೊಲೀಸರು ಪ್ರಕಟಣೆ ಹೊರಡಿಸಬೇಕಾಯಿತು. ಮುಂದೆ ಅಲ್ಲಿನ ನ್ಯಾಯಾಲಯ ಪ್ರಕರಣ ದಾಖಲಿಸುವಂತೆ ಆದೇಶಿಸಿತು. ಶೆಲ್ಲು ಒಮ್ಮೆ ಕೊಂದಿತು, ಸುದ್ದಿ ಎರಡನೆಯ ಸಲ ಕೊಂದಿತು. ಆ ಮನೆಯ ಹೆಂಡತಿ ಮಕ್ಕಳು ದುಃಖಿಸಬೇಕಾದ ಹೊತ್ತಿನಲ್ಲಿ ತಮ್ಮ ಯಜಮಾನ ಯಾರೆಂದು ಲೋಕಕ್ಕೆ ಸಾಕ್ಷಿ ಹೇಳುತ್ತ ನಿಲ್ಲಬೇಕಾಯಿತು. ಪರದೆಯ ಮೇಲೆ ಆ ಚಿತ್ರ ಹೋಗುವ ಮುನ್ನ ಒಬ್ಬರಾದರೂ ಆ ಊರಿನ ಠಾಣೆಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು. ಬರ್ಕ್ಲಿಯ, ಪ್ರಿಟೋರಿಯಾದ ಹುಡುಗರು ಒಂದು ಕಂಬದ ನೆರಳನ್ನು ಗಂಟೆಗಟ್ಟಲೆ ಅಳೆಯುತ್ತಾರೆಂದು ಕೇಳಿದಾಗ ನನ್ನ ಮನಸ್ಸಿಗೆ ಬಂದದ್ದು ಈ ಮಾಡದ ಫೋನು.

ಎರಡನೆಯ ದಿನ ಸಂಜೆ ಹುಡುಗಿ ಬಸ್ಸಿಗೆ ಹೊರಡುವ ಮುನ್ನ ಟಿಪ್ಪಣಿ ಪುಸ್ತಕ ತೆಗೆದು ನನ್ನ ಮುಂದೆ ಕುಳಿತಳು. “ಮಾಮಾ, ಆ ಶಿಬಿರದ ಮಾತು ನಿಮ್ಮಿಂದನೂ ಬರ್ಕೋಬೇಕಾಗೇದ. ಕೇಳಲೇನ್ರಿ?” ಎಂದಳು. ನಾನು ಒಪ್ಪಿದೆ. ಯಾವ ತಿಂಗಳು? ಜನವರಿ ಇರಬೇಕು, ಸಂಕ್ರಾಂತಿಯ ಆಚೀಚೆ. ಎಷ್ಟು ಜನ ವಿದ್ಯಾರ್ಥಿಗಳಿದ್ದರು? ಎಪ್ಪತ್ತೋ ಎಂಬತ್ತೋ. ಆ ಸುದ್ದಿಯನ್ನು ಮೊದಲು ಓದಿದ್ದು ಯಾವ ಪತ್ರಿಕೆಯಲ್ಲಿ? ನೆನಪಿಲ್ಲ. ನೀವು ಹೇಳಿದ್ದನ್ನು ನಂಬಿದವರಲ್ಲಿ ಯಾರಿಗಾದರೂ ಆಮೇಲೆ ನಿಜ ಗೊತ್ತಾಯಿತೇ? ಗೊತ್ತಿಲ್ಲ, ತಾಯಿ.

ಅವಳು ಎಲ್ಲವನ್ನೂ ಬರೆದುಕೊಂಡಳು. ತಿಂಗಳಿನ ಮುಂದೆಯೂ ಸಂಖ್ಯೆಯ ಮುಂದೆಯೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಪಕ್ಕದಲ್ಲಿ “ಖಚಿತವಿಲ್ಲ” ಎಂದು ಬರೆದಳು. ಪತ್ರಿಕೆಗಳ ಗಂಟನ್ನು ಎರಡು ಕೈಚೀಲಗಳಲ್ಲಿ ತುಂಬಿಕೊಂಡು ಹೊರಟಳು. ಅಟ್ಟದಲ್ಲಿ ಅಷ್ಟು ಜಾಗ ತೆರವಾಯಿತೆಂದು ನಮ್ಮ ಮನೆಯಾಕೆ ಮೆಣಸಿನಕಾಯಿಯ ಡಬ್ಬಿಗಳನ್ನು ಅಲ್ಲಿಗೆ ಏರಿಸಿದ್ದಾಳೆ. ಅಂದಿನ ಶಿಬಿರದಲ್ಲಿ ಇದ್ದವರಾರಾದರೂ ಈ ಪುಟವನ್ನು ಓದುತ್ತಿದ್ದರೆ ದಯವಿಟ್ಟು ನನಗೊಂದು ಪತ್ರ ಬರೆಯಿರಿ. ಆ ಶಿಶುಗಳ ಕಥೆ ನಿಜವಾಗಿರಲಿಲ್ಲ.